ಐವತ್ತೆಂಟರ ಅಕ್ಕಿ

ಯಾರಾದರೂ ನಗುನಗುತ್ತ ಮಾತಾಡಿಸಿದರೆ ನನಗೆ ಮೊದಲು ಬರುವುದು ಅನುಮಾನ. ಬೆಲೆ ಬರೆದುಕೊಳ್ಳುವ ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಯಿತು, ಈ ಗುಣ ಬಲಿಯುತ್ತಲೇ ಇದೆ. ಪ್ರತಿ ಮಂಗಳವಾರ ಕಚೇರಿಯವರು ಗೊತ್ತುಮಾಡಿದ ಮೂರು ಅಂಗಡಿಗಳಿಗೆ ಹೋಗಿ, ಕಿಲೋ ಅಕ್ಕಿಗೆ ಎಷ್ಟೆಂದು ಕೇಳಿ ಬರೆದುಕೊಳ್ಳುತ್ತೇನೆ. ಸರಾಸರಿ ಬೆಲೆ ಸತತ ಮೂರು ವಾರ ಅರವತ್ತು ದಾಟಿದರೆ ಸರ್ಕಾರ ತನ್ನ ಗೋದಾಮು ತೆರೆದು ಸಣ್ಣ ಅಂಗಡಿಗಳಿಗೆ ಅಗ್ಗದ ಅಕ್ಕಿ ಕೊಡುತ್ತದೆ. ಬೆಲೆ ಆಗಲೇ ಎರಡು ವಾರ ಅರವತ್ತು ದಾಟಿತ್ತು. ಇದು ಮೂರನೆಯದು.

ಮೊದಲ ಅಂಗಡಿಯ ಕನ್ನಡಕದ ಸಾಹುಕಾರ ಕುರ್ಚಿ ಒರೆಸಿ ಕೂರಿಸಿದ. ಹಲಗೆಯ ಮೇಲೆ ಐವತ್ತೆಂಟು ಎಂದು ಬರೆದಿತ್ತು. ಹೋದ ವಾರ ಅರವತ್ತನಾಲ್ಕು ಇತ್ತಲ್ಲ ಎಂದೆ. ಇಳಿದುಬಿಟ್ಟಿತು ನೋಡಿ ಎಂದು ಹಲ್ಲುಕಿರಿದ. ಎದುರಂಗಡಿಯ ಹಲಗೆಯೂ ಅದನ್ನೇ ಹೇಳಿತು. ಎರಡು ಹಲಗೆ ಒಂದೇ ಮಾತು ಹೇಳಿದರೆ ನಾನು ತಕರಾರು ತೆಗೆಯುವುದು ಹೇಗೆ?

ಮೂರನೆಯದು ನನ್ನ ಸ್ವಂತ ಅಕ್ಕನ ಅಂಗಡಿ. ಅವಳು ಮೊರದಲ್ಲಿ ಕಲ್ಲು ಆರಿಸುತ್ತ, ತಲೆಯೆತ್ತದೆ ಅರವತ್ತಾರು ಎಂದಳು. ಗೋದಾಮು ತೆರೆಯದಿದ್ದರೆ ಅಂಗಡಿ ಮುಚ್ಚುವುದೇ ಸೈ ಎಂದು ಹಿಂದಿನ ವಾರವಷ್ಟೇ ಅತ್ತಿದ್ದಳು. ಅವಳ ಅಂಕಿ ಸೇರಿದರೆ ಸರಾಸರಿ ಅರವತ್ತು ದಾಟುತ್ತಿತ್ತು. ನನ್ನ ತಲೆಗೆ ಹುಳ ಹೊಕ್ಕಿತು.

"ಅಕ್ಕಾ, ಅವರಿಬ್ಬರೂ ಐವತ್ತೆಂಟು ಅಂತಿದಾರೆ."

"ಅನ್ಲಿ ಬಿಡು. ನಾನು ಮಾರ್ತಿರೋದು ಅರವತ್ತಾರಕ್ಕೆ."

ಒಡಹುಟ್ಟಿದವಳಾಗಿ ನನ್ನನ್ನೇ ಯಾಮಾರಿಸುತ್ತಾಳಲ್ಲ ಎಂದು ಮೈ ಉರಿಯಿತು. ಬೀದಿ ತಿರುವಿನಲ್ಲಿ ನಿಂತು ಅವಳ ಹೆಸರಿನ ಮುಂದೆಯೂ ಐವತ್ತೆಂಟು ಎಂದು ಗೀಚಿ ಕಚೇರಿಗೆ ಕೊಟ್ಟೆ. ನಂಟಸ್ತಿಕೆಗೆ ಸೊಪ್ಪು ಹಾಕದ ನನ್ನ ಪ್ರಾಮಾಣಿಕತೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಗುರುವಾರ ಮನೆಯಲ್ಲಿ ಅಕ್ಕಿ ಮುಗಿಯಿತು. ಅಕ್ಕನ ಮೇಲಿನ ಸಿಟ್ಟಿಗೆ ಚೀಲ ಹಿಡಿದು ಕನ್ನಡಕದ ಸಾಹುಕಾರನ ಅಂಗಡಿಗೇ ಹೋದೆ. ಅವನಿರಲಿಲ್ಲ. ನನ್ನ ಗುರುತಿಲ್ಲದ ಅವನ ಹೆಂಡತಿ ಕೂತಿದ್ದಳು. ಹಲಗೆ ತೋರಿಸಿ ಐದು ಕಿಲೋ ಕೇಳಿದೆ.

"ಆ ರೇಟಿಂದು ಖಾಲಿ. ಒಳಗಿರೋದು ಅರವತ್ತೆಂಟು. ಹಾಕ್ಲಾ?"

ಅವಳು ಪರದೆ ಸರಿಸಿದಳು. ಮೂಟೆಗಳನ್ನು ಸೂರಿನವರೆಗೆ ಒಟ್ಟಿದ್ದರು. ಗೋದಾಮು ತೆರೆದಿದ್ದರೆ ಅವುಗಳ ಬೆಲೆ ಮಕಾಡೆ ಬೀಳುತ್ತಿತ್ತು. ಹನ್ನೊಂದು ವರ್ಷ ನಾನು ಬೆಲೆ ಕೇಳಿದ್ದೆ, ಆ ಬೆಲೆಗೆ ಅಕ್ಕಿ ಇದೆಯೇ ಎಂದು ಒಂದು ಸಲವೂ ಕೇಳಿರಲಿಲ್ಲ. ನಮೂನೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಖಾಲಿ ಚೀಲ ಹಿಡಿದು ಕಚೇರಿಗೆ ಓಡಿದೆ. ಬೆಲೆ ಸ್ಥಿರವಾಗಿದೆ, ಗೋದಾಮು ತೆರೆಯುವುದಿಲ್ಲ ಎಂಬ ಆದೇಶ ಆಗಲೇ ಹೊರಟುಹೋಗಿತ್ತು.

ಅಲ್ಲಿಂದ ಅಂಗಡಿಗೆ ಹೋದಾಗ ಅಕ್ಕ ತಕ್ಕಡಿ ಬಿಚ್ಚಿ ಗೋಣಿಗೆ ಸುತ್ತುತ್ತಿದ್ದಳು. ನಾನು ಮಾಡಿದ್ದನ್ನು ಒಂದೂ ಬಿಡದೆ ಹೇಳಿಕೊಂಡೆ. ಬೈಯುತ್ತಾಳೆಂದುಕೊಂಡಿದ್ದೆ, ಬೈಯಲಿಲ್ಲ.

"ನನ್ನ ಮೇಲೆ ಅನುಮಾನ ಬಂತು, ಬರ್ಲಿ. ಅವರನ್ನ ಹೆಂಗೆ ನಂಬಿದೆ?"

ಅವಳು ಗೋಣಿಯ ಇನ್ನೊಂದು ತುದಿ ಹಿಡಿದುಕೋ ಎಂದಳು, ಹಿಡಿದುಕೊಂಡೆ.