ಎಡಗಡೆಯಿಂದ ಎರಡನೆಯವನು

ಹಳೆ ಫೋಟೊ ಕಟ್ಟಿನ ಹಿಂಬದಿಯ ರಟ್ಟು ಗೆದ್ದಲು ಹತ್ತಿ ಪುಡಿಯಾಗಿತ್ತು. ಕೊಟ್ರೇಶ ಅದನ್ನು ಚಾಕುವಿನ ತುದಿಯಿಂದ ಮೆಲ್ಲಗೆ ಎಬ್ಬಿಸಿದಾಗ ಫೋಟೊದ ಬೆನ್ನ ಮೇಲೆ ಪೆನ್ಸಿಲಿನ ಕನ್ನಡ ಅಕ್ಷರಗಳು ಕಂಡವು. ಹೊರಗೆ ಬೆಟಗೇರಿಯ ಮಧ್ಯಾಹ್ನ ತೂಕಡಿಸುತ್ತಿತ್ತು. ಓಣಿಯ ಮಗ್ಗಗಳ ಸಪ್ಪಳ ಎಲ್ಲೋ ದಂಡೆಗೆ ಅಲೆ ಬಡಿದಂತೆ ಬಂದು ಬಂದು ಹೋಗುತ್ತಿತ್ತು. ಅವನು ಭೂತಗನ್ನಡಿ ಹಿಡಿದು ಓದಿದ.

‘ಅವ್ವಗ ತೋರಸ್ರಿ. ಹಿಂದ ನಿಂತವರಾಗ ಎಡಗಡಿಯಿಂದ ಎರಡನೆಯವ ನಾ. ಮಾಳಿಂಗರಾಯ, ಕುರ್ತಕೋಟಿ.’

ದೇವರ ಪಟ, ಮದುವೆಯ ಫೋಟೊಗಳಿಗೆ ಕಟ್ಟು ಹಾಕುವುದು ಕೊಟ್ರೇಶನ ಕಸುಬು. ಆದರೆ ಅಂಗಡಿಯ ಹಿಂದಿನ ಖೋಲಿ ಪೂರಾ ಸಮುದ್ರ. ಎರಡನೆಯ ಮಹಾಯುದ್ಧದ ಹಡಗುಗಳ, ಅವುಗಳ ಅಧಿಕಾರಿಗಳ ಫೋಟೊಗಳು ಮೂವತ್ತು ವರ್ಷಗಳಿಂದ ಒಂದೊಂದಾಗಿ ಬಂದು ಆ ಗೋಡೆಗಳಿಗೆ ಲಂಗರು ಹಾಕಿದ್ದವು. ಅವನು ಸ್ವತಃ ಸಮುದ್ರ ನೋಡಿದ್ದು ಒಮ್ಮೆ, ಕಾರವಾರದಲ್ಲಿ, ಅದೂ ಬಸ್ಸಿನ ಕಿಟಕಿಯಿಂದ. ಆದರೂ ಉಂಡು ಅಡ್ಡಾದಾಗ ಖೋಲಿಯ ನೆಲ ಮೆಲ್ಲಗೆ ತೂಗಿದಂತಾಗಿ ಅವನ ಕಣ್ಣು ಮುಚ್ಚುತ್ತಿದ್ದವು. “ನಳಕ್ಕ ಎಂಟ ದಿನಕ್ಕೊಮ್ಮೆ ನೀರು ಬರತಾವ, ನಿಮಗ ನೋಡಿದ್ರ ಹಡಗ ಬೇಕು,” ಎಂದು ಹೆಂಡತಿ ಶಾಂಭವಿ ನಗುತ್ತಿದ್ದಳು.

ಈ ಫೋಟೊ ಅವನಿಗೆ ಎಲ್ಲಕ್ಕಿಂತ ಅಚ್ಚುಮೆಚ್ಚಿನದು. ಹಳೆ ಸಾಮಾನು ಮಾರುವ ಮುಂಡರಗಿಯ ಗುಡುಸಾಬ ಹನ್ನೊಂದು ವರ್ಷದ ಹಿಂದೆ ಮುಂಬಯಿಯಿಂದ ತಂದುಕೊಟ್ಟಿದ್ದ. ಹಡಗಿನ ತೋಪಿನ ಕೆಳಗೆ ಬಿಳಿ ಬಟ್ಟೆ ತೊಟ್ಟು ಕುರ್ಚಿಯಲ್ಲಿ ಕುಳಿತ ಒಂಬತ್ತು ಅಧಿಕಾರಿಗಳು. ಅವರ ಹೆಸರೆಲ್ಲ ಅವನಿಗೆ ಬಾಯಿಪಾಠ. ಅವರ ಹಿಂದೆ ಅಡುಗೆಯವರ ಏಪ್ರನ್ ಕಟ್ಟಿಕೊಂಡು ಮೂವರು ನಿಂತಿದ್ದರು. ಅವರನ್ನು ಅವನು ಒಮ್ಮೆಯೂ ನೋಡಿರಲಿಲ್ಲ.

ಈಗ ನೋಡಿದ. ಮೊದಲನೆಯವನ ಮುಖ ಸ್ಪಷ್ಟ. ಮೂರನೆಯವನು ತುಸು ನಗುತ್ತಿದ್ದ. ನಡುವಿನವನು ಮಾತ್ರ ಫೋಟೊ ತೆಗೆಯುವ ಗಳಿಗೆಯಲ್ಲಿ ಅತ್ತ ಹೊರಳಿಬಿಟ್ಟಿದ್ದ. ಮುಖದ ಜಾಗದಲ್ಲಿ ಹೊಗೆಯಂಥ ಬೆಳಕೊಂದು ಉಳಿದಿತ್ತು.

ಮರುದಿನ ಕೊಟ್ರೇಶ ಬಾಜೂಕಿನ ಸ್ಟುಡಿಯೋದಲ್ಲಿ ಒಂದು ನಕಲು ಮಾಡಿಸಿದ. ಯಾರಾದರೂ ಸಿಕ್ಕರೆ ನಕಲು ಕೊಟ್ಟು ಮೂಲವನ್ನು ತಾನಿಟ್ಟುಕೊಳ್ಳುವ ಇರಾದೆ ಅವನದು. ಎರಡನ್ನೂ ಚೀಲಕ್ಕೆ ಹಾಕಿಕೊಂಡು ಬೈಕ್ ಹತ್ತಿ ಕುರ್ತಕೋಟಿಯ ದಾರಿ ಹಿಡಿದ. ಕರಿ ಎರೆಯ ಹೊಲಗಳಲ್ಲಿ ಕಡಲೆ ಹೂ ಬಿಟ್ಟಿತ್ತು. ದೂರದಲ್ಲಿ ಬಿಸಿಲು ನೀರಿನಂತೆ ಹರಿಯುತ್ತಿತ್ತು.

ಕುರ್ತಕೋಟಿಯ ಚಹಾದಂಗಡಿಯಲ್ಲಿ ಕೇಳಿದಾಗ ಉಡಚವ್ವನ ಮನೆ ತೋರಿಸಿದರು. ಮಾಳಿಂಗರಾಯನ ಒಬ್ಬಳೇ ಮಗಳು, ಎಂಬತ್ತೆರಡರ ಮುದುಕಿ. ಅಂಗಳದ ನೆರಳಿನಲ್ಲಿ ಬಳ್ಳೊಳ್ಳಿ ಸುಲಿಯುತ್ತ ಕುಳಿತಿದ್ದಳು. ವಿಷಯ ಕೇಳಿ ಅವಳ ಕೈ ನಿಂತಿತು.

“ನಾ ಹೊಟ್ಟ್ಯಾಗಿದ್ದಾಗ ಹ್ವಾದಾಂವ. ಹಡಗ ಮುಳಗೇತಿ ಅಂತ ಸರಕಾರದ್ದೊಂದು ಕಾಗದ ಬಂತಂತ. ಮಾರಿ ಹೆಂಗಿತ್ತೊ, ನಾ ಏನ ಬಲ್ಲೆ?”

ಕೊಟ್ರೇಶ ಮೂಲ ಫೋಟೊವನ್ನೇ ಅವಳ ಮಡಿಲಲ್ಲಿಟ್ಟ. ಅವಳ ಬೆರಳು ಅಧಿಕಾರಿಗಳನ್ನು ದಾಟಿ ಹಿಂದೆ ಹೋಯಿತು, ನಗುವವನ ಮೇಲೆ ನಿಂತಿತು.

“ಇಂವನ! ದುರ್ಗಾ, ಬಾ ಇಲ್ಲೆ. ನಿಮ್ಮಪ್ಪಂದ ಮೂಗ ಐತಿಲ್ಲ?” ಎಂದು ಕೂಸಿಗೆ ದೃಷ್ಟಿ ತೆಗೆದಂತೆ ನೆಟಿಕೆ ಮುರಿದಳು.

ಒಳಗಿಂದ ಬಂದ ಮೊಮ್ಮಗಳು ದುರ್ಗಾ ಫೋಟೊ ತಿರುವಿ ಬೆನ್ನಿನ ಬರಹ ಮನಸ್ಸಿನಲ್ಲೇ ಓದಿಕೊಂಡಳು. ಮತ್ತೆ ಮುಖಗಳನ್ನು ಎಣಿಸಿದಳು. ಕೊಟ್ರೇಶನ ಕಡೆ ನೋಡಿ, ಬೇಡ ಎಂಬಂತೆ ಸಣ್ಣಗೆ ತಲೆಯಾಡಿಸಿದಳು.

ಅವನಿಗೂ ಹಾಗೆಯೇ ಅನ್ನಿಸಿತು. ಮುದುಕಿಗೆ ಈ ವಯಸ್ಸಿನಲ್ಲಿ ಅಪ್ಪ ಸಿಕ್ಕಿದ್ದಾನೆ, ಅದೂ ನಗುತ್ತ. ಸುಮ್ಮನಿದ್ದರೆ ಯಾರಿಗೇನು ನಷ್ಟ? ಆದರೆ ಆ ಪೆನ್ಸಿಲು ಹಿಡಿದ ಕೈ ಕಣ್ಣೆದುರು ಬಂತು. ಹೇಗೋ ಅಂಚೆ ಕಾಣದೆ ಉಳಿದ ಮಾತು. ಮನೆಯ ಬಾಗಿಲತನಕ ಬಂದಮೇಲೆ ಅದನ್ನು ತಾನು ನುಂಗುವುದೇ?

“ಯವ್ವಾ, ಇಂವಲ್ಲ,” ಎಂದ. “ಇವನ ಬಾಜೂಕಿನಾಂವ. ತನ್ನ ಕೈಲೇ ಬರದಾನ.” ಬರಹವನ್ನು ಓದಿ ಹೇಳಿದ.

ದುರ್ಗಾ ಮುಖ ತಿರುಗಿಸಿದಳು. ಉಡಚವ್ವ ಫೋಟೊವನ್ನು ಕಣ್ಣ ಹತ್ತಿರ ಹಿಡಿದಳು.

“ಮಾರಿನ ಇಲ್ಲಲ್ಲಪಾ.”

“ಫೋಟೊ ಹೊಡಿಯೂ ಹೊತ್ನ್ಯಾಗ ಹೊಳ್ಳಿ ನೋಡ್ಯಾನ್ರಿ. ಅಳ್ಳಾಡಿದ್ದಕ್ಕ ಹಂಗಾಗೇತಿ.”

“ಯಾರ ಕರದಿರಬೇಕು?” ಎಂದಳು ಮುದುಕಿ, ತನ್ನೊಳಗೇ. ಆಮೇಲೆ ಅವಳ ದನಿ ಬೇರೆಯಾಯಿತು. “ಖರೆ ಐತಿ. ನಿಂತಲ್ಲೆ ನಿಂದ್ರಾಂವ ಅಲ್ಲ ಅಂತಿದ್ಲು ನಮ್ಮವ್ವ. ಹೋಗೂ ದಿನ ಊರ ಅಗಸಿ ಬಾಗಲತನಕ ಮೂರ ಸಲ ಹೊಳ್ಳಿ ನೋಡಿದ್ನಂತ. ಇಂವನ. ಉಳದಾವ್ರೆಲ್ಲಾ ಗೊಂಬಿ ಕುಂತಂಗ ಕುಂತಾರ, ಇಂವ ನೋಡು, ಇನ್ನೂ ಹೊಳ್ಳಾಕತ್ತಾನ.”

ಕೊಟ್ರೇಶ ಬಗ್ಗಿ ನೋಡಿದ. ಆ ಬೆಳಕು ನಿಜವಾಗಿಯೂ ಒಂದು ಕೂದಲೆಳೆಯಷ್ಟು ಸರಿದಂತೆ ಕಂಡಿತು.

ಅವನು ಎದ್ದು ಚೀಲ ಹೆಗಲಿಗೆ ಹಾಕಿದ. ದುರ್ಗಾ ಮೆಲ್ಲಗೆ ಕೇಳಿದಳು: “ಇದನ್ನ ಒಯ್ತೀರೇನ್ರಿ?”

“ಇಲ್ಲವಾ, ಇರಲಿ. ನನ್ನ ಹಂತೇಕ ಇನ್ನೊಂದೈತಿ.”

ಗಾಡಿ ಚಾಲೂ ಮಾಡುವ ಮುಂಚೆ ಅಂಗಳದ ಕಡೆ ನೋಡಿದ. ಬಿಸಿಲು ಏರಿ ಉಡಚವ್ವನ ಮಡಿಲಿಗೆ ಬಂದಿತ್ತು. ಅವಳು ಸೆರಗನ್ನು ಚಪ್ಪರದಂತೆ ಫೋಟೊದ ಮೇಲೆ ಎತ್ತಿ ಹಿಡಿದು, ಆ ನೆರಳಿನೊಳಗೆ ತಲೆ ಬಗ್ಗಿಸಿ, ಸಣ್ಣ ದನಿಯಲ್ಲಿ ಏನೋ ಹೇಳುತ್ತಿದ್ದಳು.