ಅಕ್ಕ ಹನ್ನೊಂದು ವರ್ಷ ಹೇಳದ ಮಾತು

ಹೆರಿಗೆ ಆಸ್ಪತ್ರೆಯ ರಕ್ತಪರೀಕ್ಷೆ ಕೋಣೆಯ ಮುಂದೆ ಅಕ್ಕತಂಗಿಯರು ಕೂತಿದ್ದರು. ತಂಗಿ ಈಗ ಮೂರು ತಿಂಗಳ ಬಸುರಿ. ಕೈಯಲ್ಲಿದ್ದ ಚೀಟಿ ಓದಿದವಳೇ ಮುಖ ಗಂಟಿಕ್ಕಿದಳು.

"ಎಚ್‌ಐವಿ ಪರೀಕ್ಷೆನೂ ಮಾಡ್ತಾರಂತೆ. ನಾವೇನು ಅಂಥವರಾ ಅಕ್ಕಾ? ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ. ನಡಿ, ಮನೆಗೆ ಹೋಗೋಣ."

ಅಕ್ಕ ಏಳಲಿಲ್ಲ. ಹೊಲಿದೂ ಹೊಲಿದೂ ಒರಟಾದ ತನ್ನ ಬೆರಳುಗಳನ್ನೇ ನೋಡುತ್ತ ಕೂತಳು. ಈ ಪಡಸಾಲೆಗೆ ಈಗ ಹೊಳೆಯುವ ನೆಲ ಬಂದಿದೆ. ಹನ್ನೊಂದು ವರ್ಷದ ಹಿಂದೆ, ಅವಳು ಬಸುರಿಯಾಗಿದ್ದಾಗ, ಇಲ್ಲೊಂದು ಮರದ ಬೆಂಚಿತ್ತು. ಅದರ ಒಂದು ಕಾಲು ಗಿಡ್ಡ. ಒಬ್ಬಳು ಎದ್ದರೆ ಇನ್ನೊಬ್ಬಳು ವಾಲುತ್ತಿದ್ದಳು, ಬಸುರಿಯರೆಲ್ಲ ನಗುತ್ತಿದ್ದರು. ಗಡಿಯಾರದ ಸಿಸ್ಟರ್ ಬಂದಾಗ ಮಾತ್ರ ಎಲ್ಲರೂ ಗಪ್‌ಚಿಪ್. ಮಾತ್ರೆಯ ಹೊತ್ತು ತಪ್ಪಿಸಿದವರನ್ನು ಸುಮ್ಮನೆ ಬಿಡದ ಆ ನರ್ಸಿಗೆ ಬಸುರಿಯರೇ ಇಟ್ಟ ಹೆಸರು ಅದು.

ಆ ಸಿಸ್ಟರೇ ಒಂದು ದಿನ ಅಕ್ಕನನ್ನು ಒಳಗೆ ಕರೆದು, ಬಾಗಿಲು ಹಾಕಿ, ಪಕ್ಕದಲ್ಲಿ ಕೂತಿದ್ದರು.

"ನಿನ್ನ ರಕ್ತದಲ್ಲಿ ಎಚ್‌ಐವಿ ಇದೆ ಮಗಳೇ. ಅಳು ಬಂದ್ರೆ ಅತ್ತುಬಿಡು. ಆಮೇಲೆ ಮಗು ವಿಷಯ ಮಾತಾಡೋಣ. ಅದಕ್ಕೆ ಬರದ ಹಾಗೆ ನೋಡ್ಕೊಳ್ಳೋಕೆ ದಾರಿ ಇದೆ."

ಗಂಡನನ್ನೂ ಕರೆಸಿ ಪರೀಕ್ಷೆ ಮಾಡಿಸಿದರು. ಇಬ್ಬರಿಗೂ ಮಾತ್ರೆ ಶುರುವಾಯಿತು. ಹೆರಿಗೆಯಾದಾಗ ಅವಳನ್ನು ಮೂಲೆಗೆ ತಳ್ಳಲಿಲ್ಲ. ಎಲ್ಲ ಬಾಣಂತಿಯರ ನಡುವೆಯೇ ಹಾಸಿಗೆ ಕೊಟ್ಟರು. ಮಗುವಿನ ಬಾಯಿಗೆ ಔಷಧಿಯ ಹನಿ ಹಾಕಿ, ತಾಯಿಯ ಎದೆಯ ಮೇಲೆ ಮಲಗಿಸಿದರು.

"ಹಾಲು ಕೊಡಬಹುದಾ ಸಿಸ್ಟರ್?"

"ಮಾತ್ರೆ ಬಿಡದೆ ನುಂಗ್ತಿದ್ದೀಯಲ್ಲ, ಕೊಡು. ಆರು ತಿಂಗಳು ನಿನ್ನ ಹಾಲೊಂದೇ, ನೀರೂ ಬೇಡ. ಔಷಧಿ ಮಾತ್ರ ನಾನು ಹೇಳಿದಷ್ಟು ದಿನ ತಪ್ಪದೆ ಹಾಕು."

ಆರು ವಾರಕ್ಕೆ ಮಗುವಿನ ರಕ್ತಪರೀಕ್ಷೆ, ಆಮೇಲೆ ಮತ್ತೆ ಮತ್ತೆ. ಒಂದೂವರೆ ವರ್ಷದ ಕೊನೆಯ ಪರೀಕ್ಷೆಯ ಚೀಟಿಯನ್ನು ಸಿಸ್ಟರ್ ಕನ್ನಡಕ ಒರೆಸಿ ಒರೆಸಿ ಓದಿದ್ದರು. "ನಿನ್ನ ಮಗಳಿಗೆ ಏನೂ ಇಲ್ಲ ಕಣೇ" ಎಂದವರೇ ಮಗುವನ್ನು ಎತ್ತಿಕೊಂಡು ವಾರ್ಡಿಡೀ ಸುತ್ತಿದ್ದರು. ಯಾಕೆಂದು ಯಾರಿಗೂ ಹೇಳಲಿಲ್ಲ. ಅವರು ನಿವೃತ್ತರಾಗಿ ಎಷ್ಟೋ ಕಾಲವಾಯಿತು. ಅವರ ದಪ್ಪ ದನಿಯಿಲ್ಲದ ಪಡಸಾಲೆ ಅಕ್ಕನಿಗೆ ಇನ್ನೂ ಒಗ್ಗಿಲ್ಲ.

"ಏಳ್ತೀಯೋ ಇಲ್ವೋ?" ತಂಗಿ ಕೇಳಿದಳು.

"ಕೂತ್ಕೋ. ನಿನ್ನ ಹತ್ರ ಒಂದು ಮಾತು ಹೇಳ್ಬೇಕು."

ದನಿ ತಗ್ಗಿಸಿ ಎಲ್ಲವನ್ನೂ ಹೇಳಿದಳು. ಹೇಳುವಾಗ ತಂಗಿಯ ಮುಖ ನೋಡುವ ಧೈರ್ಯ ಬರಲಿಲ್ಲ. ಇವಳು ಎದ್ದು ದೂರ ಹೋಗಿ ಕೂತುಬಿಟ್ಟರೆ?

ತಂಗಿ ಇನ್ನಷ್ಟು ಹತ್ತಿರ ಸರಿದು ಕೂತಳು. ಆ ಮಗುವನ್ನು ಸೊಂಟದಿಂದ ಇಳಿಸದೆ ಆಡಿಸಿದವಳು ಅವಳೇ.

"ಪುಟ್ಟಿಗೆ ನಿಜವಾಗ್ಲೂ ಏನೂ ಇಲ್ವಾ?"

"ಏನೂ ಇಲ್ಲ. ಬಾಯೊಂದು ಜೋರು. ಅದು ನಿನ್ನ ಬಳುವಳಿ."

ತಂಗಿ ನಗಲು ಹೋಗಿ ಅತ್ತಳು. "ಹನ್ನೊಂದು ವರ್ಷ ಒಬ್ಬಳೇ ನುಂಗ್ಕೊಂಡಿದ್ಯಾ? ನನಗಾದ್ರೂ ಹೇಳ್ಬಾರದಿತ್ತಾ?"

"ನೀನು ಅವಳನ್ನ ಎತ್ಕೊಳ್ಳೋದು ಬಿಟ್ಬಿಡ್ತೀಯೇನೋ ಅಂತ ಹೆದರಿದ್ದೆ. ನೋಡು, ಅದು ಅಂಥವರು ಇಂಥವರು ಅಂತ ನೋಡಿ ಬರಲ್ಲ. ಮೊದಲೇ ಗೊತ್ತಾಗಿದ್ದಕ್ಕೆ ಪುಟ್ಟಿ ಉಳ್ಕೊಂಡಳು."

ತಂಗಿ ಅಕ್ಕನ ಕೈ ಹಿಡಿದುಕೊಂಡೇ ಗಂಡನಿಗೆ ಫೋನ್ ಮಾಡಿದಳು. "ಅರ್ಧ ದಿನ ರಜೆ ಹಾಕಿ ಬನ್ರೀ. ಇಬ್ಬರೂ ಪರೀಕ್ಷೆ ಮಾಡಿಸ್ಕೊಳ್ಳೋಣ. ಯಾಕೆ ಅಂತ ಇಲ್ಲಿ ಸಿಸ್ಟರ್ ಹೇಳ್ತಾರೆ." ಅಕ್ಕನ ಸುದ್ದಿ ಎತ್ತಲೇ ಇಲ್ಲ.

ಅವನು ಬಂದ. ರಕ್ತಪರೀಕ್ಷೆ ಕೋಣೆಯ ಎಳೆ ವಯಸ್ಸಿನ ನರ್ಸ್ ಅವನ ಪ್ರಶ್ನೆಗಳಿಗೆಲ್ಲ ಬೇಸರವಿಲ್ಲದೆ ಉತ್ತರ ಹೇಳಿದಳು. ಗಂಡಹೆಂಡತಿ ಇಬ್ಬರೂ ಪರೀಕ್ಷೆಗೆ ರಕ್ತ ಕೊಟ್ಟರು.

ಪರೀಕ್ಷೆಯಲ್ಲಿ ಏನು ಬಂತು? ಅದು ಅವರಿಗೂ ಆ ನರ್ಸಿಗೂ ಬಿಟ್ಟ ಮಾತು. ನಾವು ಕೇಳುವುದು ಬೇಡ.

ನಿಮ್ಮ ಮನೆಯಲ್ಲಿ ಬಸುರಿಯಿದ್ದರೆ ಗಂಡಹೆಂಡತಿ ಇಬ್ಬರೂ ತಡಮಾಡದೆ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಿ. ಎಚ್‌ಐವಿ ಇದೆಯೆಂದು ಗೊತ್ತಾದರೂ ಎದೆಗುಂದಬೇಡಿ. ಮಾತ್ರೆ ಬಿಡಬೇಡಿ, ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ಕೇಳಲು ನಾಚಿಕೆಯಾಗುವ ಪ್ರಶ್ನೆಯಿದ್ದರೆ ಅದನ್ನೇ ಮೊದಲು ನರ್ಸ್ ಹತ್ತಿರ ಕೇಳಿ. ಅಂಥ ಪ್ರಶ್ನೆ ಅವರಿಗೆ ಹೊಸದೇನಲ್ಲ.