ಮುಂದೆ ಹೋದವನ ಬೆಲ್ಲು

"ನಡುವಿನ ಕಂಬಿಗೆ ಇನ್ನೊಂದು ಸುತ್ತು ಹಾಕಪ್ಪ, ಏರಿನಲ್ಲಿ ಜಾರಿಬಿಟ್ಟೀತು," ಎಂದು ದರ್ಜಿ ಕೆಳಗಿನಿಂದ ಹಗ್ಗ ಎಸೆದ. ವ್ಯಾನಿನ ನೆತ್ತಿಯ ಮೇಲೆ ಮಂಡಿಯೂರಿದ್ದ ಬ್ರೆಡ್ಡಿನವನು ಅದನ್ನು ಹಿಡಿದು, ತಲೆಕೆಳಗಾಗಿ ನಿಲ್ಲಿಸಿದ್ದ ಕನ್ನಡಕದವನ ಸೈಕಲ್ಲಿಗೆ ಬಿಗಿದ. ಆಮೇಲೆ ಜೇಬಿನಿಂದ ಕರವಸ್ತ್ರ ತೆಗೆದು ಹ್ಯಾಂಡಲ್ಲಿನ ಬೆಲ್ಲಿಗೆ ಸುತ್ತಿ ಗಂಟು ಹಾಕಿದ.

"ಅದ್ಯಾಕೆ?"

"ಕುಲುಕಿದಾಗೆಲ್ಲ ಟ್ರಿಣ್ ಅಂದ್ರೆ ಅವಳ ಎದೆ ಏನಾಗಬೇಕು?"

ಅವಳು ಎಂದರೆ ಕನ್ನಡಕದವನ ಹೆಂಡತಿ. ತನ್ನ ಹಳೇ ಸೈಕಲ್ಲನ್ನು ಗೋಡೆಗೆ ಒರಗಿಸಿಕೊಂಡು, ವ್ಯಾನಿನ ಹಿಂಬಾಗಿಲ ಹತ್ತಿರ ನಿಂತಿದ್ದಳು. ಒಳಗೆ ಕನ್ನಡಕದವನು ಮಲಗಿದ್ದ. ಹಿಂದಿನ ದಿನ ಬೆಳಿಗ್ಗೆ ಅಂಗಡಿಯ ಸ್ಟೂಲಿನ ಮೇಲೆ ಕೂತು ಯಾರದೋ ಕನ್ನಡಕದ ಗಾಜು ಒರೆಸುತ್ತಿದ್ದವನು ಹಾಗೇ ಗೋಡೆಗೆ ತಲೆ ಆನಿಸಿದ್ದ. ಒರೆಸುವ ಬಟ್ಟೆ ಕೈಯಿಂದ ಬೀಳಲೂ ಇಲ್ಲ. ಅಂಥ ಸಾವನ್ನು ದೇವರು ಎಲ್ಲರಿಗೂ ಕೊಡುವುದಿಲ್ಲ.

ಡ್ರೈವರ್ ಪಕ್ಕದ ಸೀಟಿನಲ್ಲಿ ಸತ್ತವನ ಅಕ್ಕ ಆಗಲೇ ಕೂತು ಕಿಟಕಿಯಿಂದ ತಲೆ ಹೊರಹಾಕಿದ್ದಳು. "ದೊಡ್ಡ ರಸ್ತೆ ಕಣ್ಣೆದುರಿಗೇ ಬಿದ್ದಿರುವಾಗ ಈ ಗುಡ್ಡ ಸುತ್ತೋ ದಾರಿ ಯಾಕೆ ಅಂತೀನಿ. ಅಲ್ಲಿ ಗುಂಡಿ ತೆಗೆದೋರು ಹೊತ್ತು ಮುಳುಗಿದ್ರೆ ಮಣ್ಣು ಹಾಕಲ್ಲ ಅಂತ ಖಡಾಖಂಡಿತವಾಗಿ ಹೇಳಿದಾರೆ. ತಡವಾದ್ರೆ ನನ್ನ ತಮ್ಮ ರಾತ್ರಿಯೆಲ್ಲಾ ಗುಂಡಿ ಪಕ್ಕ ಕಾಯ್ತಾ ಬಿದ್ದಿರಬೇಕಾ?"

"ಅತ್ತಿಗೆ, ಅವರು ಹುಟ್ಟಿದೂರಿಗೆ ಬೇರೆ ದಾರೀಲಿ ಹೋದೋರೇ ಅಲ್ಲ. ಇದ್ರಲ್ಲೇ ಕರ್ಕೊಂಡು ಹೋಗ್ತೀನಿ ಅಂತ ಅವರಿಗೆ ಮಾತು ಕೊಟ್ಟಿದೀನಿ."

"ಸತ್ತೋರಿಗೆ ದಾರಿ ಎಲ್ಲಾ ಒಂದೇ ಕಣೇ."

"ಬದುಕಿರೋರಿಗೆ ಒಂದೇ ಅಲ್ವಲ್ಲ."

"ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತು. ನಡೀರಿ, ಆದರೆ ತಡವಾದ್ರೆ ಅದು ನಿನ್ನ ತಲೆ ಮೇಲೆ."

ವ್ಯಾನು ಹೊರಟಿತು. ಅದರ ಹಿಂದೆ ಮೂರು ಸೈಕಲ್ಲುಗಳು. ಬ್ರೆಡ್ಡಿನವನು, ದರ್ಜಿ, ಎಲ್ಲರ ಕೊನೆಗೆ ಅವಳು.

* * *

ಆ ಗುಡ್ಡಸೀಮೆಯಲ್ಲಿ ಕಣ್ಣು ಮಂಜಾದವರೆಲ್ಲ ಕನ್ನಡಕದವನಿಗೆ ಕಾಯುತ್ತಿದ್ದರು. ಕ್ಯಾರಿಯರಿನ ಮೇಲೆ ಗಾಜಿನ ಪೆಟ್ಟಿಗೆ, ಬೆನ್ನಿಗೆ ಸುರುಳಿ ಸುತ್ತಿದ, ಕಣ್ಣು ಪರೀಕ್ಷಿಸುವ ಅಕ್ಷರದ ಹಾಳೆ. ದೊಡ್ಡ ರಸ್ತೆಗೆ ಅವನು ಕಾಲಿಡುತ್ತಿರಲಿಲ್ಲ. "ಅಲ್ಲಿ ಊರು ಸಿಗುತ್ತೆ, ಮನುಷ್ಯರು ಸಿಗಲ್ಲ," ಎನ್ನುತ್ತಿದ್ದ. ಯಾವ ಏರಿನ ತಲೆಯಲ್ಲಿ ನೆರಳಿದೆ, ಯಾವ ಇಳಿಜಾರಿನಲ್ಲಿ ಪೆಡಲ್ ನಿಲ್ಲಿಸಿ ಊರ ಬಾಗಿಲ ತನಕ ತೇಲಿಹೋಗಬಹುದು, ಎಲ್ಲಾ ಅವನ ಕಾಲಿಗೆ ಬಾಯಿಪಾಠ.

ರಜೆಯ ದಿನ ಪೆಟ್ಟಿಗೆ ಇಳಿಸಿಟ್ಟು ಹೆಂಡತಿಯನ್ನೂ ದರ್ಜಿ, ಬ್ರೆಡ್ಡಿನವನು ಎಂಬ ಇಬ್ಬರು ಗೆಳೆಯರನ್ನೂ ಕರೆದುಕೊಂಡು ಅದೇ ದಾರಿಗಳಲ್ಲಿ ಸುಮ್ಮನೆ ಸುತ್ತುತ್ತಿದ್ದ. ಅವಳಿಗೆ ತಿರುವುಗಳೆಂದರೆ ಭಯ. ಅದಕ್ಕೇ ಒಂದು ಕಟ್ಟಳೆ ಮಾಡಿದ. ಕಣ್ಣಿಗೆ ಕಾಣದ ತಿರುವು ಬಂದಾಗ ಅವನು ಮುಂದೆ ಹೋಗುವುದು, ಉಳಿದವರು ಈಚೆಗೆ ನಿಲ್ಲುವುದು. ಎರಡು ಸಲ ಬೆಲ್ಲು ಬಾರಿಸಿದರೆ, ನಿಲ್ಲಿ. ಒಂದು ಸಲ ಬಾರಿಸಿದರೆ, ದಾರಿ ಖಾಲಿ, ಬನ್ನಿ.

ಒಮ್ಮೆ ಗಂಡ ಹೆಂಡತಿ ಇಬ್ಬರೇ ಹೋಗಿದ್ದಾಗ ಎರಡು ಬಾರಿಸಿ ಆಚೆ ಹೋದ. ಮರದ ದಿಮ್ಮಿ ಹೊತ್ತ ಗಾಡಿಯೊಂದು ದಾಟಿಹೋಯಿತು. ಅದರ ಹಿಂದೆ ಬಂದ ಕುರಿ ಕಾಯುವವನು ಕನ್ನಡಕದ ಕಿವಿಕಡ್ಡಿ ಮುರಿದುಕೊಂಡಿದ್ದ. ಇವನು ಕೂತು ರಿಪೇರಿ ಮಾಡಿದ, ಕುರಿಗಳ ಕ್ಷೇಮ ಕೇಳಿದ, ಮಾತಿಗೆ ಮಾತು ಬೆಳೆದು ಒಂದು ಬಾರಿಸುವುದನ್ನೇ ಮರೆತ. ನೆನಪಾಗಿ ಓಡಿಬಂದಾಗ ಬಿಸಿಲು ಇಳಿದಿತ್ತು. ಅವಳು ಬಿಟ್ಟಲ್ಲೇ, ಒಂದು ಕಾಲು ನೆಲಕ್ಕೂರಿ, ಹಾಗೇ ನಿಂತಿದ್ದಳು.

"ಬಂದು ನೋಡಬಾರದಿತ್ತೇನೇ?"

"ನೀವು ಬಾರಿಸಲಿಲ್ಲವಲ್ಲ."

ಈ ಮಾತು ಆ ಬೀದಿಯಲ್ಲಿ ಗಾದೆಯಾಯಿತು. ಯಾರು ಯಾರಿಗೆ ಕಾದು ಸುಸ್ತಾದರೂ "ನೀವು ಬಾರಿಸಲಿಲ್ಲವಲ್ಲ" ಎಂದು ನಗುತ್ತಿದ್ದರು. ಕನ್ನಡಕದವನು ಮಾತ್ರ ನಗುತ್ತಿರಲಿಲ್ಲ.

* * *

ಬೆಟ್ಟದ ನೆತ್ತಿ ಹತ್ತಿರವಾದಂತೆ ಮಂಜು ಕಣಿವೆಯಿಂದ ಎದ್ದು ರಸ್ತೆಗೆ ಬಂತು. ಹಕ್ಕಿಗಳು ಎಲ್ಲಾ ಒಟ್ಟಿಗೆ ಸುಮ್ಮನಾದವು. ಡ್ರೈವರ್ ದೀಪ ಹಾಕಿದ. ಬೆಳಕು ಮಂಜಿಗೆ ಬಡಿದು ಅವನ ಮುಖಕ್ಕೇ ವಾಪಸ್ಸು ಬಂತು. ನೆತ್ತಿಯ ಕೊನೆಯ ತಿರುವು, ಅದರಾಚೆ ಉದ್ದಕ್ಕೂ ಇಳಿಜಾರು, ಕೆಳಗೆ ಕನ್ನಡಕದವನ ಹುಟ್ಟೂರು.

ಆಗ ತಿರುವಿನ ಆಚೆಯಿಂದ ಬೆಲ್ಲು ಕೇಳಿಸಿತು. ಟ್ರಿಣ್. ಟ್ರಿಣ್.

ಮೂರು ಸೈಕಲ್ಲುಗಳೂ ನಿಂತವು. ಯಾರೂ ಯೋಚಿಸಿ ನಿಲ್ಲಿಸಲಿಲ್ಲ, ಕೈಗಳೇ ಬ್ರೇಕು ಹಿಡಿದವು. ವ್ಯಾನೂ ನಿಂತಿತು.

ಬ್ರೆಡ್ಡಿನವನು ತಲೆ ಎತ್ತಿ ವ್ಯಾನಿನ ನೆತ್ತಿ ನೋಡಿದ. ಕರವಸ್ತ್ರ ಸುತ್ತಿದ್ದು ಸುತ್ತಿದ ಹಾಗೇ ಇತ್ತು.

"ಕೇಳಿಸ್ತಾ?" ಎಂದ ದರ್ಜಿ, ತುಟಿ ಅಲ್ಲಾಡಿಸದೆ.

"ನಿನಗೆ ಕೇಳಿಸಿದ್ರೆ ನನಗೂ ಕೇಳಿಸ್ತು. ನಿನಗೆ ಕೇಳಿಸಿಲ್ಲ ಅಂದ್ರೆ ನನಗೂ ಇಲ್ಲ."

ಡ್ರೈವರ್ ಇಳಿದು ಬಂದ. ಅವನಿಗೆ ಇವರ ಕಟ್ಟಳೆ ಗೊತ್ತಿಲ್ಲ. "ಎದುರಿಗೆ ಯಾರೋ ಸೈಕಲ್ಲಿನೋರು ಬರ್ತಿದಾರೆ. ರಸ್ತೆ ಕಿರಿದು. ದಾಟಿ ಹೋಗಲಿ, ಆಮೇಲೆ ಹೋಗೋಣ," ಎಂದ.

ಕಾದರು. ಯಾರೂ ದಾಟಿ ಬರಲಿಲ್ಲ.

"ಯಾರಪ್ಪಾ ಅಲ್ಲಿ?" ಬ್ರೆಡ್ಡಿನವನು ಕೂಗಿದ. ಆ ಬೆಟ್ಟದಲ್ಲಿ ಕೂಗಿದರೆ ನಾಲ್ಕು ಕಡೆಯಿಂದ ಮರುದನಿ ಬರಬೇಕು. ಇವತ್ತು ಒಂದೂ ಬರಲಿಲ್ಲ. ಬಂದದ್ದು ಬೆಲ್ಲು. ಟ್ರಿಣ್. ಟ್ರಿಣ್. ನಿಧಾನವಾಗಿ, ತುದಿಬೆರಳಲ್ಲಿ ಒತ್ತಿದ ಹಾಗೆ.

ಡ್ರೈವರ್ ಬಾಗಿಲ ಹಿಡಿಯ ಮೇಲಿಟ್ಟ ಕೈ ಹಿಂದಕ್ಕೆ ತೆಗೆದುಕೊಂಡ. "ಯಾರಾದ್ರೂ ಹೋಗಿ ನೋಡ್ಕೊಂಡು ಬನ್ನಿ."

"ನೀನೇ ಹೋಗು," ಎಂದ ದರ್ಜಿ.

"ನಾನು ವ್ಯಾನ್ ಬಿಟ್ಟು ಹೋಗೋ ಹಾಗಿಲ್ಲ."

ಕಿಟಕಿಯಿಂದ ಅಕ್ಕನ ದನಿ ಬಂತು. "ನನ್ನ ಕಿವಿ ಮಂದವಾದ್ರೂ ಹಿತ್ತಾಳೆಯದಲ್ಲ. ನನಗೂ ಕೇಳಿಸ್ತು. ತಿರುಗಿಸಿ ವ್ಯಾನನ್ನ. ವಾಪಸ್ ಹೋಗಿ ದೊಡ್ಡ ರಸ್ತೆ ಹಿಡೀರಿ."

"ಇಲ್ಲಿ ತಿರುಗಿಸೋಕೆ ಜಾಗವಿಲ್ಲಮ್ಮ. ಹಿಮ್ಮುಖವಾಗಿಯೇ ಇಳೀಬೇಕು. ಅಷ್ಟೊತ್ತಿಗೆ ಕತ್ತಲಾಗುತ್ತೆ."

"ನೋಡಿದ್ಯೇನೇ? ಮಾತು ಕೊಟ್ಟಿದೀನಿ ಅಂದ್ಯಲ್ಲ, ಈಗ ಹೇಳು. ಮುಂದಕ್ಕಾ, ಹಿಂದಕ್ಕಾ?"

ಅವಳು ಒಂದು ಕಾಲು ನೆಲಕ್ಕೂರಿ ನಿಂತಿದ್ದಳು. ಮಂಜಿನ ಹಿಂದಿದ್ದ ಬೆಳಕು ಹಳದಿಯಾಗಿ, ಆಮೇಲೆ ಬೂದಿಯಾಗುತ್ತಿತ್ತು.

* * *

ಹೋದ ವಾರ ಅಂಗಡಿಯಲ್ಲಿ ಅವನು ಹೊಸ ಫ್ರೇಮುಗಳನ್ನು ಟ್ರೇಯಲ್ಲಿ ಜೋಡಿಸುತ್ತಿದ್ದ. ಅವಳು ಕನ್ನಡಿ ಒರೆಸುತ್ತಿದ್ದಳು.

"ಈಗೀಗ ಏರಿನಲ್ಲಿ ಉಸಿರು ಕಟ್ಟುತ್ತೆ ಕಣೇ. ಇನ್ಮೇಲೆ ನೀನು ಮುಂದೆ ಹೋಗು. ನಾನು ಹಿಂದಿಂದ ಬರ್ತೀನಿ."

"ಅಯ್ಯೋ, ನನ್ನ ಕೈಲಾಗಲ್ಲಪ್ಪ."

"ಅದೇನು ಮಹಾ? ಮುಂದಿರೋರು ನೋಡಬೇಕು, ಹಿಂದಿರೋರು ನಂಬಬೇಕು. ನಂಬೋದೇ ಕಷ್ಟ. ಅದನ್ನ ನೀನು ಇಷ್ಟು ವರ್ಷ ಮಾಡಿದೀಯ." ಒಂದು ಫ್ರೇಮನ್ನು ಬೆಳಕಿಗೆ ಹಿಡಿದು ನೋಡಿದ. "ನಿನ್ನ ಸೈಕಲ್ಲಿಗೂ ಒಂದು ಬೆಲ್ಲು ಹಾಕಿಸಿಬಿಡೋಣ."

"ನನಗ್ಯಾಕೆ ಬೆಲ್ಲು? ನನ್ನ ಹಿಂದೆ ಯಾರಿದಾರೆ?"

ಅವನು ಕನ್ನಡಿಯೊಳಗಿಂದ ಅವಳನ್ನೇ ನೋಡಿದ. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಗಿರಾಕಿ ಬಂದರು.

* * *

ಅವಳು ಸೈಕಲ್ಲು ತಳ್ಳಿಕೊಂಡು ಮೊದಲು ದರ್ಜಿಯನ್ನು, ಆಮೇಲೆ ಬ್ರೆಡ್ಡಿನವನನ್ನು ದಾಟಿದಳು. ವ್ಯಾನಿನ ಹಿಂಬಾಗಿಲ ಹತ್ತಿರ ಒಂದು ಗಳಿಗೆ ನಿಂತು, ಗಾಜಿನ ಮೇಲೆ ಅಂಗೈ ಇಟ್ಟಳು.

"ಎಲ್ಲಿಗಮ್ಮಾ?" ಬ್ರೆಡ್ಡಿನವನು ಕೇಳಿದ. "ಒಂದು ಬಾರಿಸಿಲ್ಲ ಇನ್ನೂ."

"ಬಾರಿಸೋರು ಯಾರು? ಅವರು ಹಿಂದೆ ಇದಾರೆ."

"ಹಾಗಾದ್ರೆ ಮುಂದಿರೋದು?"

ಅವಳು ಸೈಕಲ್ಲು ಹತ್ತಿ ಮಂಜಿನೊಳಕ್ಕೆ ಹೋದಳು.

ಹತ್ತು ಮಾರು ಹೋಗುವಷ್ಟರಲ್ಲಿ ಹಿಂದಿನ ದೀಪಗಳು ಅಳಿಸಿಹೋದವು. ತನ್ನ ಚೈನಿನ ಸದ್ದೂ ಅವಳಿಗೆ ಕೇಳಿಸಲಿಲ್ಲ. ತಿರುವಿನಲ್ಲಿ ಅವನು ಯಾವಾಗಲೂ ತಡೆಗೋಡೆಗೆ ಕಾಲು ಕೊಟ್ಟು ನಿಲ್ಲುತ್ತಿದ್ದ. ಈಗಲೂ ನಿಂತಿದ್ದರೆ? ಇದ್ದರೆ ಭಯ, ಇಲ್ಲದಿದ್ದರೆ ಇನ್ನೂ ಭಯ. ದೇವರೇ, ಎರಡನ್ನೂ ತಡೆಯುವಷ್ಟು ಕೊಡು ಎಂದುಕೊಂಡು ಹ್ಯಾಂಡಲ್ಲು ತಿರುಗಿಸಿದಳು.

ತಡೆಗೋಡೆಯ ಹತ್ತಿರ ಯಾರೂ ಇರಲಿಲ್ಲ. ಮಂಜು ಅಲ್ಲಿಗೇ ಕೊನೆಯಾಗಿತ್ತು. ಆಚೆ ರಸ್ತೆ ಕೆಳಗಿನ ತನಕ ಬರಿದಾಗಿ, ಒದ್ದೆ ಬೆಳಕಿನಲ್ಲಿ ಮಲಗಿತ್ತು. ದೂಳಿನ ಮೇಲೆ ಒಂದು ಚಕ್ರದ ಗೆರೆಯೂ ಇಲ್ಲ. ತುಂಬ ಕೆಳಗೆ, ಮಣ್ಣಿನ ಗುಡ್ಡೆಯ ಪಕ್ಕ, ಸಲಿಕೆ ಊರಿಕೊಂಡ ಇಬ್ಬರು ಇರುವೆಗಳಷ್ಟಾಗಿ ಕಂಡರು. ಅವರಿನ್ನೂ ಹೊರಟಿರಲಿಲ್ಲ.

ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಅವನು ನೋಡುತ್ತಿದ್ದ ಹಾಗೇ. ತನ್ನ ಸೈಕಲ್ಲಿಗೆ ಬೆಲ್ಲಿಲ್ಲ. ಬೆರಳಿನ ಉಂಗುರವನ್ನು ಹ್ಯಾಂಡಲ್ಲಿನ ಕಬ್ಬಿಣಕ್ಕೆ ಒಂದೇ ಸಲ ಬಡಿದಳು. ಟಿಣ್. ಪಕ್ಕದಲ್ಲಿದ್ದವರಿಗೂ ಕೇಳಿಸದಷ್ಟು ಸಣ್ಣ ಸದ್ದು.

"ದಾರಿ ಖಾಲಿ ಇದೆ," ಎಂದಳು, ಮಂಜಿನ ಕಡೆ ತಿರುಗಿ. "ಬನ್ನಿ."

ಅದು ಹೇಗೆ ತಲುಪಿತೋ, ಮಂಜಿನೊಳಗಿಂದ ಇಂಜಿನ್ನು ಶುರುವಾದ ಸದ್ದು ಬಂತು. ಆಮೇಲೆ ಎರಡು ದೀಪಗಳು ಮಂಜಿನಿಂದ ಈಚೆ ಬಂದವು. ಡ್ರೈವರ್ ನೇರ ಮುಂದೆ ನೋಡುತ್ತಿದ್ದ. ಅತ್ತಿಗೆ ಕಿಟಕಿಯಿಂದ ಕೈ ಚಾಚಿ, ದಾಟುವಾಗ ಅವಳ ಭುಜ ಮುಟ್ಟಿದಳು. ಬೈಯಲಿಲ್ಲ.

ಅವಳು ರಸ್ತೆಯ ಅಂಚಿಗೆ ಸರಿದು ದಾರಿ ಬಿಟ್ಟು ನಿಂತಳು. ಇಳಿಜಾರಿಗೆ ಹೆದರಿ ಡ್ರೈವರ್ ಬ್ರೇಕು ಒತ್ತಿಕೊಂಡೇ ಇಳಿಸುತ್ತಿದ್ದ, ವ್ಯಾನು ಮನುಷ್ಯ ನಡೆಯುವ ವೇಗದಲ್ಲಿತ್ತು. ಗಾಳಿ ಇರಲಿಲ್ಲ, ಹುಲ್ಲುಕಡ್ಡಿ ಕೂಡ ಅಲ್ಲಾಡುತ್ತಿರಲಿಲ್ಲ. ವ್ಯಾನಿನ ನೆತ್ತಿಯ ಮೇಲೆ, ಆಕಾಶಕ್ಕೆ ಮುಖ ಮಾಡಿದ ಸೈಕಲ್ಲಿನ ಮುಂದಿನ ಚಕ್ರ, ಪೆಡಲ್ ನಿಲ್ಲಿಸಿ ತೇಲಲು ಬಿಟ್ಟಂತೆ, ಕಡ್ಡಿಗಳು ಒಂದೂ ಕಾಣದಷ್ಟು ಜೋರಾಗಿ ತಿರುಗುತ್ತಿತ್ತು.